ಉತ್ತರ ಗದ್ಯಭಾಗದಲ್ಲೇ ಇದೆ, ಆದರೆ ಒಂದೇ ಸಾಲಿನಲ್ಲಿ ಇಲ್ಲ

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ ಲಿಖಿತ ಪತ್ರಿಕೆ 100 ಅಂಕದ್ದು. ಅದರಲ್ಲಿ ಪಠ್ಯದಲ್ಲಿ ಇಲ್ಲದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇರುವುದು ಕೆಲವೇ ಅಂಕ. 'ಇದಕ್ಕೇನು ಓದಬೇಕಾಗಿಲ್ಲ' ಅಂತ ಮಕ್ಕಳು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದರೆ ಮೊದಲು ಹುಡುಕುವುದು ಈ ಉತ್ತರವನ್ನೇ. ಬೇರೆ ಕಡೆ ಬಾಯಿಪಾಠ ಕೈಹಿಡಿಯುತ್ತದೆ. ಇಲ್ಲಿ ಮಗು ನಿಜವಾಗಿ ಓದಿದೆಯಾ ಅನ್ನುವುದು ಗೊತ್ತಾಗಿಬಿಡುತ್ತದೆ.

ಹೆಚ್ಚಿನ ಮಕ್ಕಳು ಮಾಡುವುದು ಒಂದೇ ಕೆಲಸ. ಪ್ರಶ್ನೆಯಲ್ಲಿರುವ ಪದ ಗದ್ಯಭಾಗದಲ್ಲಿ ಎಲ್ಲಿದೆ ಅಂತ ಹುಡುಕಿ, ಆ ವಾಕ್ಯವನ್ನು ಹಾಗೇ ಇಳಿಸುತ್ತಾರೆ. 'ಯಾರು', 'ಎಲ್ಲಿ' ಅಂತ ಕೇಳಿದರೆ ಇದು ನಡೆಯುತ್ತದೆ. 'ಏಕೆ' ಅಂತ ಕೇಳಿದ ಕೂಡಲೇ ಕೈಕೊಡುತ್ತದೆ.

ಇದಕ್ಕಾಗಿಯೇ ನಾನೊಂದು ಸಣ್ಣ ಗದ್ಯಭಾಗ ಬರೆದು ಬೋರ್ಡಿನ ಮೇಲೆ ಹಾಕುತ್ತೇನೆ:

"ಮೊದಲು ಬೇಸಿಗೆ ಬಂತೆಂದರೆ ರೈತರು ಕೆರೆಯ ಹೂಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಅಂಗಡಿಯಲ್ಲಿ ಗೊಬ್ಬರ ಸಿಗತೊಡಗಿದ ಮೇಲೆ ಗಾಡಿಗಳು ಕೆರೆಯ ಕಡೆ ಬರಲಿಲ್ಲ. ಈಗ ಒಂದು ಒಳ್ಳೆಯ ಮಳೆಗೇ ಕೆರೆ ಕೋಡಿ ಬೀಳುತ್ತದೆ. ಯುಗಾದಿಯ ಹೊತ್ತಿಗೆ ಒಣಗಿರುತ್ತದೆ."

ಕೆರೆ ಬೇಗ ಒಣಗಲು ಕಾರಣವೇನು?

'ಒಣಗಿರುತ್ತದೆ' ಅನ್ನುವ ಪದ ಕೊನೆಯಲ್ಲಿದೆ. ಅರ್ಧ ತರಗತಿ ಆ ವಾಕ್ಯವನ್ನೇ ಬರೆಯುತ್ತದೆ. ಅದು ಕಾರಣ ಅಲ್ಲ, ಆಗಿರುವ ಸಂಗತಿ. ಇನ್ನು ಕೆಲವರು 'ಮಳೆ ಬಾರದ ಕಾರಣ' ಅಂತ ಬರೆಯುತ್ತಾರೆ. ಊರಲ್ಲಿ ಕೇಳಿದ ಮಾತು ಅದು. ಆದರೆ ಗದ್ಯಭಾಗದಲ್ಲಿ ಮಳೆ ಬಂದಿದೆ, ಕೆರೆ ಕೋಡಿಯೂ ಬಿದ್ದಿದೆ! ಈ ಎರಡನೇ ತಪ್ಪನ್ನು ನಾನು ಸುಮ್ನೆ ಅಡ್ಡಗೆರೆ ಎಳೆದು ಬಿಡುವುದಿಲ್ಲ. ಆ ಮಗು ಯೋಚನೆ ಮಾಡಿದೆ, ಕಣ್ಣು ಮಾತ್ರ ಗದ್ಯಭಾಗದ ಮೇಲೆ ಇರಲಿಲ್ಲ.

ಆಗ ಪೆನ್ನು ಕೆಳಗಿಡಿಸಿ ಬಾಯಲ್ಲೇ ಕೇಳುತ್ತೇನೆ. "ಗಾಡಿ ಬರಲಿಲ್ಲ ಅಂದ್ರೆ ಹೂಳು ಎಲ್ಲಿ ಹೋಯ್ತು?" "ಕೆರೆಯಲ್ಲೇ ಉಳೀತು ಸಾರ್." "ಉಳಿದ್ರೆ?" "ಆಳ ಕಮ್ಮಿ ಆಗುತ್ತೆ." 'ಆಳ' ಅನ್ನುವ ಪದ ಗದ್ಯಭಾಗದಲ್ಲಿ ಎಲ್ಲೂ ಇಲ್ಲ. ಅದು ಮಗುವಿನದು. ಸಾಲು ಸಾಲಿನ ನಡುವೆ ಇದ್ದ ಕೊಂಡಿಯನ್ನು ಅದು ತಾನೇ ಹಾಕಿತು. ಈಗ ಬರೆಯಲಿ: ಗೊಬ್ಬರ ಅಂಗಡಿಯಲ್ಲೇ ಸಿಕ್ಕಿದ್ದರಿಂದ ರೈತರು ಹೂಳು ಒಯ್ಯುವುದನ್ನು ಬಿಟ್ಟರು. ಹೂಳು ತುಂಬಿ ಕೆರೆಯ ಆಳ ಕಡಿಮೆಯಾಯಿತು. ಆದ್ದರಿಂದ ನೀರು ಹೆಚ್ಚು ನಿಲ್ಲದೆ ಕೆರೆ ಬೇಗ ಒಣಗುತ್ತದೆ. ಮೊದಲ ವಾಕ್ಯ ಗದ್ಯಭಾಗದಿಂದ ಬಂತು, ಎರಡನೆಯದು ಮಗುವಿನ ತಿಳಿವಳಿಕೆ, ಮೂರನೆಯದು ಪ್ರಶ್ನೆಗೆ ಮರಳಿತು.

ಬಾಯಲ್ಲಿ ಚೆನ್ನಾಗಿ ಹೇಳುವ ಮಕ್ಕಳು ಬರೆಯಲು ಕೂತರೆ ತಡವರಿಸುತ್ತಾರೆ, ಅಲ್ವಾ? ಪುಸ್ತಕದ ಭಾಷೆಯ ಭಯ ಅದು. ಮೊದಲು ಪಕ್ಕದವರಿಗೆ ಹೇಳಲಿ, ಹೇಳಿದ್ದನ್ನೇ ಬರೆಯಲಿ. 'ಆಗುತ್ತೆ'ಯನ್ನು 'ಆಗುತ್ತದೆ' ಮಾಡುವುದು ಎರಡು ನಿಮಿಷದ ಕೆಲಸ.

ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಗದ್ಯಭಾಗಕ್ಕಿಂತ ಮೊದಲು ಅದರ ಪ್ರಶ್ನೆಗಳನ್ನು ಓದಲು ಹೇಳುತ್ತೇನೆ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಓದುವ ರೀತಿಯೇ ಬೇರೆ. ಎರಡು-ಮೂರು ವಾಕ್ಯ ಸಾಕಾದ ಕಡೆ ಅರ್ಧ ಪುಟ ಬರೆದರೆ ಅಂಕ ಜಾಸ್ತಿ ಆಗುವುದಿಲ್ಲ. ಪತ್ರಕ್ಕೂ ಪ್ರಬಂಧಕ್ಕೂ ಇಟ್ಟುಕೊಂಡ ಸಮಯ ಹೋಗುತ್ತದೆ.

ಪಾಠದ ಒಂದು ಮಾತು ಕೊಟ್ಟು 'ಸಂದರ್ಭದೊಡನೆ ಸ್ವಾರಸ್ಯ ಬರೆಯಿರಿ' ಅಂತ ಕೇಳುವಲ್ಲೂ ಇದೇ ತೊಂದರೆ. ಕವಿ, ಪಾಠ, ಸಂದರ್ಭ ಎಲ್ಲ ಸರಿ ಇರುತ್ತದೆ. ಸ್ವಾರಸ್ಯಕ್ಕೆ ಬಂದಾಗ 'ಈ ಮಾತು ಸ್ವಾರಸ್ಯಪೂರ್ಣವಾಗಿದೆ' ಅಂತ ನಿಲ್ಲುತ್ತದೆ. ಏನು ಸ್ವಾರಸ್ಯ ಅಂತ ಯಾರೂ ಆ ಮಗುವನ್ನು ಕೇಳಿರುವುದಿಲ್ಲ. ಇದು ಮಗುವಿನ ತಪ್ಪಲ್ಲ, ನಮ್ಮದು.

ಅಭ್ಯಾಸಕ್ಕೆ ಗೈಡ್ ಬೇಕಿಲ್ಲ. ವಾರಕ್ಕೊಮ್ಮೆ ದಿನಪತ್ರಿಕೆಯ ಏಳೆಂಟು ಸಾಲು ಸಾಕು. ಸಾಲುಗಳಿಗೆ ಸಂಖ್ಯೆ ಹಾಕಿಸುತ್ತೇನೆ. ಪ್ರಶ್ನೆಯನ್ನು ಮಕ್ಕಳೇ ಮಾಡುತ್ತಾರೆ, ಒಂದಾದರೂ 'ಏಕೆ' ಇರಬೇಕು. ಪಕ್ಕದವರು ಉತ್ತರ ಬರೆದು, ಅದು ಯಾವ ಯಾವ ಸಾಲಿನಿಂದ ಬಂತು ಅಂತ ಅಂಚಿನಲ್ಲಿ ಸಂಖ್ಯೆ ಗುರುತಿಸುತ್ತಾರೆ. ಅಂಕ ಹಾಕುವುದಿಲ್ಲ. 'ಏಕೆ' ಪ್ರಶ್ನೆಯ ಪಕ್ಕ ಒಂದೇ ಸಂಖ್ಯೆ ಕಂಡರೆ ಪುಸ್ತಕ ವಾಪಸ್ ಕೊಟ್ಟು, ಇನ್ನೊಂದು ಸಾಲು ಹುಡುಕಿ ಅನ್ನುತ್ತೇನೆ.