ಯೂನಿಟ್‌ಗೆ ಎಷ್ಟು ಸಾವು ಎಂದು ಕೇಳಿ

"ಮೇಡಂ, ನಮ್ಮ ಕಡೆ ಅಣುಸ್ಥಾವರ ಬರುತ್ತಂತೆ. ಮನೆ ಮಾರಿಬಿಡೋದು ವಾಸಿ ಅಲ್ವಾ?"

ಹೀಗೆ ಕೇಳಿದವರಿಗೆ ಅರವತ್ತು ದಾಟಿದೆ. ಹತ್ತು ವರ್ಷದಿಂದ ನನ್ನ ಬಳಿ ಬರುತ್ತಿದ್ದಾರೆ. ಜೀವನದಲ್ಲಿ ಸಿಗರೇಟು ಮುಟ್ಟಿದವರಲ್ಲ. ಆದರೂ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಅವರ ಮನೆಯ ತಾರಸಿಗೆ ಹೋದರೆ ಕಲ್ಲಿದ್ದಲು ಸ್ಥಾವರದ ಚಿಮಣಿ ಕಾಣುತ್ತದೆ. ಇಪ್ಪತ್ತೈದು ವರ್ಷದಿಂದ ಅದನ್ನು ನೋಡುತ್ತಲೇ ಇದ್ದಾರೆ. ಮನೆ ಮಾರುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಅವರ ಉಬ್ಬಸಕ್ಕೆ ಆ ಚಿಮಣಿಯೇ ಕಾರಣ ಎಂದು ನಾನು ಹೇಳಲಾರೆ. ಒಬ್ಬ ರೋಗಿಯನ್ನು ನೋಡಿ ಹಾಗೆ ಬೆರಳು ತೋರಿಸೋಕೆ ಯಾವ ವೈದ್ಯರಿಗೂ ಆಗದು. ತೊಡಕು ಇರುವುದೇ ಅಲ್ಲಿ. ನಾನು ಎಷ್ಟೋ ಮರಣ ಪತ್ರಗಳಿಗೆ ಸಹಿ ಹಾಕಿದ್ದೇನೆ. ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ, ಶ್ವಾಸಕೋಶದ ಕ್ಯಾನ್ಸರ್ ಎಂದು ಬರೆದಿದ್ದೇನೆ. ಕಲ್ಲಿದ್ದಲಿನ ಹೊಗೆ ಎಂದು ಒಂದರಲ್ಲೂ ಬರೆದಿಲ್ಲ. ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿ, ಹೊಗೆ ಜಾಸ್ತಿ ಇರುವ ಕಡೆ ಸಾವು ಎಷ್ಟು ಜಾಸ್ತಿ ಎಂದು ಲೆಕ್ಕ ಹಾಕಿದಾಗ ಮಾತ್ರ ಅದು ಕಾಣಿಸುತ್ತದೆ.

ಹೊಗೆ ಎಂದರೆ ಕಣ್ಣಿಗೆ ಕಾಣುವ ಕಪ್ಪು ಮೋಡ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಭಯ ಇರುವುದು ಕಾಣದ ಕಣಗಳದ್ದು. 2.5 ಮೈಕ್ರಾನ್‌ಗಿಂತ ಸಣ್ಣವು. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗವೂ ಇರುವುದಿಲ್ಲ. ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ. ಅತಿ ಸಣ್ಣವು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಹಾಗಾಗಿ ಶ್ವಾಸಕೋಶಕ್ಕೆ ಮಾತ್ರವಲ್ಲ, ಹೃದಯಕ್ಕೂ ಪೆಟ್ಟು. ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಹಾಕಿದರೆ ಬೂದಿ ಹೆಚ್ಚಿನಂಶ ನಿಲ್ಲುತ್ತದೆ, ನಿಜ. ಆದರೆ ಗಂಧಕದ ಅನಿಲ ಪಾರಾಗುತ್ತದೆ. ಅದು ಗಾಳಿಯಲ್ಲಿ ತೇಲುತ್ತಾ ನೂರಾರು ಕಿಲೋಮೀಟರ್ ದೂರದಲ್ಲಿ ಮತ್ತೆ ಸಣ್ಣ ಕಣವಾಗುತ್ತದೆ. ಚಿಮಣಿಯನ್ನೇ ಕಾಣದವರು ಅದನ್ನು ಉಸಿರಾಡುತ್ತಾರೆ.

ಈಗ ನಾನು ಪದೇ ಪದೇ ಹೇಳಿ ಸುಸ್ತಾದ ಮಾತಿಗೆ ಬರುತ್ತೇನೆ. ಒಂದು ಅಪಘಾತದಲ್ಲಿ ಎಷ್ಟು ಜನ ಸತ್ತರು ಎಂದು ಕೇಳಬೇಡಿ. ಒಂದಿಷ್ಟು ವಿದ್ಯುತ್ ತಯಾರಿಸಲು ಒಟ್ಟು ಎಷ್ಟು ಜನ ಸತ್ತರು ಎಂದು ಕೇಳಿ. ಗಣಿಯಲ್ಲಿ, ಸಾಗಣೆಯಲ್ಲಿ, ಸ್ಥಾವರದೊಳಗೆ, ಹೊಗೆಯಿಂದ, ಅಪಘಾತದಿಂದ, ಎಲ್ಲ ಸೇರಿಸಿ. ಆಮೇಲೆ ಯೂನಿಟ್‌ಗಳಿಂದ ಭಾಗಿಸಿ. ಭಾಗಿಸದೆ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ.

2007ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಮಾರ್ಕಂಡ್ಯ ಮತ್ತು ವಿಲ್ಕಿನ್ಸನ್ ಎಂಬ ಸಂಶೋಧಕರು ಯುರೋಪಿನ ಲೆಕ್ಕ ಕೊಟ್ಟರು. ನೂರು ಕೋಟಿ ಯೂನಿಟ್‌ಗೆ ಕಲ್ಲಿದ್ದಲಿನಿಂದ ಸುಮಾರು 24 ಸಾವು. ಕಂದು ಕಲ್ಲಿದ್ದಲು ಇನ್ನೂ ಕೆಟ್ಟದ್ದು, ಸುಮಾರು 32. ತೈಲ 18, ಸೌದೆ ಮತ್ತು ಕೃಷಿ ತ್ಯಾಜ್ಯ 4.6, ನೈಸರ್ಗಿಕ ಅನಿಲ 2.8. ಅಣುಶಕ್ತಿ 0.07. ಸಾವಿನ ಮಾತು ಬಿಟ್ಟರೂ, ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಇನ್ನೂರಕ್ಕೂ ಹೆಚ್ಚು ಜನ ಗಂಭೀರವಾಗಿ ಕಾಯಿಲೆ ಬೀಳುತ್ತಾರೆ. ನನ್ನ ವಾರ್ಡಿಗೆ ಬರುವವರು ಇಂಥವರು.

ಇದನ್ನು ಒಂದು ಸ್ಥಾವರಕ್ಕೆ ಹಚ್ಚಿ ನೋಡಿ. 1000 ಮೆಗಾವ್ಯಾಟ್‌ನ ಸ್ಥಾವರ ಚೆನ್ನಾಗಿ ಓಡಿದರೆ ವರ್ಷಕ್ಕೆ ಸುಮಾರು 700 ಕೋಟಿ ಯೂನಿಟ್ ಕೊಡುತ್ತದೆ. ಅದು ಕಲ್ಲಿದ್ದಲಿನದಾದರೆ ವರ್ಷಕ್ಕೆ ಸುಮಾರು 170 ಸಾವು. ಯಾವ ಅಪಘಾತವೂ ಆಗದೆ, ಎಲ್ಲ ಸರಿಯಾಗಿ ನಡೆದಾಗಲೂ!

ಚೆರ್ನೋಬಿಲ್ ಹೆಸರು ಬಂದೇ ಬರುತ್ತದೆ, ಬರಲಿ. ಆಗಿನ ಸೋವಿಯತ್ ಒಕ್ಕೂಟದ ಆ ಅಣುಸ್ಥಾವರದಲ್ಲಿ 1986ರಲ್ಲಿ ಆದ ದುರಂತದಲ್ಲಿ ವಿಕಿರಣದ ತೀವ್ರ ಕಾಯಿಲೆಯಿಂದ 28 ಮಂದಿ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅತಿ ಹೆಚ್ಚು ವಿಕಿರಣಕ್ಕೆ ಸಿಕ್ಕ ಸುಮಾರು ಆರು ಲಕ್ಷ ಜನರಲ್ಲಿ ಕೊನೆಗೆ 4000 ಜನರವರೆಗೆ ಸಾಯಬಹುದು ಎಂದು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರ ಸಂಸ್ಥೆಗಳ ವರದಿ ಅಂದಾಜಿಸಿತು. ಇದಕ್ಕಿಂತ ದೊಡ್ಡ ಅಂದಾಜುಗಳೂ ಇವೆ, ವಾದ ಮುಗಿದಿಲ್ಲ. ಆದರೆ ವರ್ಷಕ್ಕೆ 170ರಂತೆ ನಾಲ್ಕು ಸಾವಿರ ಆಗೋಕೆ ಎಷ್ಟು ವರ್ಷ ಬೇಕು? ಒಂದೇ ಕಲ್ಲಿದ್ದಲು ಸ್ಥಾವರಕ್ಕೆ ಇಪ್ಪತ್ನಾಲ್ಕು ವರ್ಷ ಸಾಕು. ನನ್ನ ರೋಗಿ ಆ ಚಿಮಣಿಯ ಪಕ್ಕ ಇದ್ದದ್ದು ಇಪ್ಪತ್ತೈದು ವರ್ಷ.

ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ನನಗೆ ಬೇರೆ ಕಾರಣಕ್ಕೆ ನೋವು ಕೊಡುತ್ತದೆ. 2011ರಲ್ಲಿ ಅಲ್ಲಿ ಆಸ್ಪತ್ರೆಗಳಿಂದ, ವೃದ್ಧಾಶ್ರಮಗಳಿಂದ ಹಾಸಿಗೆ ಹಿಡಿದವರನ್ನು ಅವಸರದಲ್ಲಿ ಸಾಗಿಸಿದರು. ದಾರಿಯಲ್ಲೇ ಕೆಲವರು ಸತ್ತರು. ಸ್ಥಳಾಂತರ ಮತ್ತು ಅದರ ಹಿಂದೆ ಬಂದ ಕಷ್ಟಗಳಿಂದ ಆ ಪ್ರಾಂತ್ಯದಲ್ಲಿ ತೀರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು. ವಿಕಿರಣದಿಂದ ಸತ್ತರೆಂದು 2018ರಲ್ಲಿ ಸರ್ಕಾರ ಒಪ್ಪಿಕೊಂಡದ್ದು ಒಬ್ಬ ಕೆಲಸಗಾರರನ್ನು. ಆಮ್ಲಜನಕದ ಮೇಲಿರುವ ಅಜ್ಜಿಯೊಬ್ಬರನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುವುದೇ ಎಷ್ಟು ಅಪಾಯ ಎಂದು ನನಗೆ ಗೊತ್ತು. ಭಯವೂ ಜೀವ ತೆಗೆಯುತ್ತದೆ. ಅದನ್ನೂ ಲೆಕ್ಕದಲ್ಲಿ ಸೇರಿಸಲೇಬೇಕು. ಸೇರಿಸಿದರೂ, ಜಗತ್ತಿನ ಅಣುಸ್ಥಾವರಗಳು ಇಲ್ಲಿಯವರೆಗೆ ಕೊಟ್ಟ ವಿದ್ಯುತ್ತಿನಿಂದ ಭಾಗಿಸಿದಾಗ ನೂರು ಕೋಟಿ ಯೂನಿಟ್‌ಗೆ ಒಂದು ಸಾವೂ ಬರುವುದಿಲ್ಲ.

ಜಲವಿದ್ಯುತ್ ಶುದ್ಧ, ಅದರ ಸುದ್ದಿ ಬೇಡ ಎನ್ನುವವರಿಗೆ ಚೀನಾದ ಬಾಂಚಿಯಾವ್ ಅಣೆಕಟ್ಟು ನೆನಪಿಸುತ್ತೇನೆ. 1975ರ ಆಗಸ್ಟ್‌ನಲ್ಲಿ ಚಂಡಮಾರುತದ ಮಳೆಗೆ ಒಡೆಯಿತು. ಸತ್ತವರ ಅಂದಾಜು 26 ಸಾವಿರದಿಂದ 2 ಲಕ್ಷ 40 ಸಾವಿರದವರೆಗೂ ಇದೆ. ಪ್ರವಾಹ ತಡೆಯಲೂ ಕಟ್ಟಿದ ಅಣೆಕಟ್ಟು ಅದು, ಹಾಗಾಗಿ ಎಲ್ಲ ಸಾವನ್ನೂ ವಿದ್ಯುತ್ತಿನ ಲೆಕ್ಕಕ್ಕೆ ಬರೆಯುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ.

ಸೌರ ಮತ್ತು ಗಾಳಿ ವಿದ್ಯುತ್ತಿನ ಅಂಕಿಯೂ ಅಣುಶಕ್ತಿಯಷ್ಟೇ ಕೆಳಗಿದೆ. ಆದರೆ ಸೊನ್ನೆ ಅಲ್ಲ. ಸೌರ ಫಲಕ ಕೂರಿಸಲು ತಾರಸಿ ಹತ್ತಿ ಬಿದ್ದ ಹುಡುಗನೊಬ್ಬ ನನ್ನ ವಾರ್ಡಿನಲ್ಲಿದ್ದ. ಮೂರು ಪಕ್ಕೆಲುಬು ಮುರಿದು, ಒಂದು ಶ್ವಾಸಕೋಶ ಕುಸಿದಿತ್ತು. ಎದೆಗೆ ಹಾಕಿದ್ದ ಕೊಳವೆ ತೆಗೆದ ದಿನ ಅವನು ಕೇಳಿದ ಮೊದಲ ಮಾತು, "ಮತ್ತೆ ಮೇಲೆ ಹತ್ತಬಹುದಾ?" ಹತ್ತು, ಹಗ್ಗ ಕಟ್ಟಿಕೊಂಡು ಹತ್ತು ಅಂದೆ. ಒಂದು ಸುರಕ್ಷತಾ ಬೆಲ್ಟ್ ಇದ್ದಿದ್ದರೆ ಅವನು ನನ್ನ ಬಳಿ ಬರುತ್ತಲೇ ಇರಲಿಲ್ಲ. ಕಡಿಮೆ ಅಂಕಿಯನ್ನು ಇನ್ನೂ ಕಡಿಮೆ ಮಾಡುವುದು ಇಷ್ಟು ಸುಲಭ ಇರುವಾಗ ಮಾಡದಿರುವುದು ನನಗೆ ಸಿಟ್ಟು ತರಿಸುತ್ತದೆ.

ಒಂದು ಎಚ್ಚರಿಕೆ. ಈ ಅಂಕಿಗಳನ್ನು ಎಲ್ಲ ಕಡೆಗೂ ಹಾಗೇ ಹಚ್ಚಬೇಡಿ. ಯುರೋಪಿನ ಸ್ಥಾವರಗಳಲ್ಲಿ ಶುದ್ಧೀಕರಣ ಯಂತ್ರಗಳಿವೆ. ಯಂತ್ರ ಇಲ್ಲದ ಕಡೆ, ಸುತ್ತ ಜನ ಒತ್ತಾಗಿರುವ ಕಡೆ ಕಲ್ಲಿದ್ದಲಿನ ಅಂಕಿ ಏರುತ್ತದೆ. ಅಣುಶಕ್ತಿಯ ತ್ಯಾಜ್ಯ, ಯುರೇನಿಯಂ ಗಣಿಯಲ್ಲಿ ಹೊಮ್ಮುವ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ, ಇವುಗಳ ಬಗ್ಗೆ ಕಟ್ಟುನಿಟ್ಟಾಗಿ ಪ್ರಶ್ನೆ ಕೇಳಲೇಬೇಕು. ಕೇಳುವವರನ್ನು ಹೆದರುಪುಕ್ಕಲರು ಎನ್ನುವವಳು ನಾನಲ್ಲ.

ನನ್ನ ರೋಗಿಗೂ ಅದನ್ನೇ ಹೇಳಿದೆ. ಹೊಸ ಸ್ಥಾವರದ ಸಭೆಗೆ ಹೋಗಿ, ಕೇಳಬೇಕಾದ್ದನ್ನೆಲ್ಲ ಕೇಳಿ. ಬರುವಾಗ ಹಳೇ ಸ್ಥಾವರದ ಕಚೇರಿಗೂ ಹೋಗಿ, ಆ ಚಿಮಣಿಗೆ ಗಂಧಕ ತೆಗೆಯುವ ಯಂತ್ರ ಹಾಕಿದ್ದೀರಾ ಎಂದು ವಿಚಾರಿಸಿ. ಅವರು ಚೀಟಿಯ ಹಿಂದೆ ಅದನ್ನು ಬರೆದುಕೊಂಡರು. ಆಮೇಲೆ ಇನ್‌ಹೇಲರ್ ಹೇಗೆ ಎಳೆಯುತ್ತೀರಿ ತೋರಿಸಿ ಅಂದೆ. ಹತ್ತು ವರ್ಷವಾದರೂ ಉಸಿರು ಹಿಡಿಯೋದು ಮರೆಯುತ್ತಾರೆ.