ರನ್ನಿಂಗ್ ಬ್ಯಾಕ್‌ಗೆ ಎಷ್ಟು ಕೊಡಬಹುದು? ಸವಕಳಿ ಹಿಡಿದು ನೋಡೋಣ

2024ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿ ಗೋಳಾಡಿದ. ಅವನ ನೆಚ್ಚಿನ ಅಮೆರಿಕನ್ ಫುಟ್‌ಬಾಲ್ ತಂಡ ನ್ಯೂಯಾರ್ಕ್ ಜೈಂಟ್ಸ್, ಚೆಂಡು ಹಿಡಿದು ಓಡುವ ತನ್ನ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿಯನ್ನು ಕೈಬಿಟ್ಟಿತ್ತು. ಬದ್ಧವೈರಿ ಫಿಲಡೆಲ್ಫಿಯಾ ಈಗಲ್ಸ್ ಮೂರು ವರ್ಷಕ್ಕೆ 3.77 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತ್ತು. 'ಮಾಮ, ನೀನು ಲೆಕ್ಕದವನು. ಚೆಂಡು ಹಿಡಿದು ಓಡೋನಿಗೆ ಅಷ್ಟು ಕೊಡಬಹುದಾ?'

ಲೆಕ್ಕಪರಿಶೋಧಕನಾದ ನನಗೆ ಮೊದಲು ನೆನಪಾದದ್ದು ಲಾರಿ. ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಆಫೀಸಿನ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15 ಸವಕಳಿಯಾದರೆ, ಬಾಡಿಗೆಗೆ ಓಡುವ ಲಾರಿಗೆ ಶೇ. 30. ಹೆಚ್ಚು ದುಡಿಯುವುದು ಬೇಗ ಸವೆಯುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹಾಗೆ ಸವೆಯುವುದು ರನ್ನಿಂಗ್ ಬ್ಯಾಕ್‌ನ ಕಾಲು. ಪ್ರತಿ ಓಟದ ಕೊನೆಗೆ ನೂರಿಪ್ಪತ್ತು, ನೂರೈವತ್ತು ಕೆ.ಜಿ. ತೂಗುವವರು ಅವನ ಮೇಲೆ ಬೀಳುತ್ತಾರೆ.

ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 2024ಕ್ಕೆ ಪ್ರತಿ ತಂಡದ ಸಂಬಳದ ಮಿತಿ 25.54 ಕೋಟಿ ಡಾಲರ್ ಇತ್ತು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ, ಐಪಿಎಲ್ ಹರಾಜಿನ ಹಾಗೆಯೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸಹಿ ಹಾಕಿದಾಗ ಕೊಡುವ ಬೋನಸ್ ಆಟಗಾರನ ಕೈಗೆ ಬೇಗ ಸೇರುತ್ತದೆ, ತಂಡದ ಪುಸ್ತಕದಲ್ಲಿ ಮಾತ್ರ ಐದು ವರ್ಷದವರೆಗೆ ಹಂಚಿಹೋಗುತ್ತದೆ. 2 ಕೋಟಿ ಬೋನಸ್ ಎಂದಿಟ್ಟುಕೊಳ್ಳಿ, ವರ್ಷಕ್ಕೆ 40 ಲಕ್ಷ. ಎರಡು ವರ್ಷಕ್ಕೇ ಆಟಗಾರನನ್ನು ಬಿಟ್ಟರೆ ಉಳಿದ 1.2 ಕೋಟಿ ತಂಡದ ತಲೆಗೇ ಬರುತ್ತದೆ. ಅವನು ಮೈದಾನದಲ್ಲಿಲ್ಲ, ಅವನ ಖರ್ಚು ಮಾತ್ರ ಇದೆ. ಅಲ್ಲಿನವರು ಇದನ್ನು ಡೆಡ್ ಮನಿ ಎನ್ನುತ್ತಾರೆ. ಪುಸ್ತಕದ ಸವಕಳಿಗಿಂತ ಕಾಲಿನ ಸವಕಳಿ ವೇಗವಾಗಿದ್ದರೆ ಹೀಗೇ ಆಗುವುದು.

ಇನ್ನೊಬ್ಬ ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿಯ ಕಥೆ ನೋಡಿ. ಲಾಸ್ ಏಂಜಲೀಸ್ ರ‍್ಯಾಮ್ಸ್ 2018ರ ಜುಲೈನಲ್ಲಿ ಅವನಿಗೆ ನಾಲ್ಕು ವರ್ಷದ ವಿಸ್ತರಣೆ ಕೊಟ್ಟಿತು, ಅದರಲ್ಲಿ ಖಾತ್ರಿ ಹಣವೇ 4.5 ಕೋಟಿ ಡಾಲರ್. ಅದೇ ಋತುವಿನ ಕೊನೆಗೆ ಮೊಣಕಾಲು ಕೈಕೊಟ್ಟಿತು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಹತ್ತು ಸಲ ಚೆಂಡು ಹಿಡಿದು ಓಡಿದ್ದು ಬರೀ 35 ಗಜ. ಡಿಸೆಂಬರ್‌ನಲ್ಲಿ ತಂಡಕ್ಕೆ ಬಂದ ಬದಲಿ ಓಟಗಾರ ಸಿ.ಜೆ. ಆಂಡರ್ಸನ್ ಡಲ್ಲಾಸ್ ವಿರುದ್ಧದ ಪ್ಲೇಆಫ್‌ನಲ್ಲಿ 123 ಗಜ ಓಡಿದ್ದ! 2020ರ ಮಾರ್ಚ್‌ನಲ್ಲಿ ಗರ್ಲಿಯನ್ನು ಬಿಟ್ಟಾಗ ವಿಸ್ತರಿಸಿದ ವರ್ಷಗಳಲ್ಲಿ ಅವನು ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಹಾಗಂತ ದೊಡ್ಡ ಮೊತ್ತವೇ ತಪ್ಪು ಎನ್ನಲಾರೆ. ಬಾರ್ಕ್ಲಿ 2023ರಲ್ಲಿ ಜೈಂಟ್ಸ್‌ಗೆ ಓಡಿದ್ದು 962 ಗಜ, ಮರುವರ್ಷ ಈಗಲ್ಸ್‌ಗೆ 2,005. ಕಾಲು ಅವೇ, ಮುಂದೆ ದಾರಿ ಬಿಡಿಸುವವರು ಬೇರೆ. ಜಾರ್ಡನ್ ಮೈಲಾಟಾ, ಲೇನ್ ಜಾನ್ಸನ್‌ರಂಥವರ ಸಾಲು ಮೊದಲೇ ಸಿದ್ಧವಿತ್ತು, ಓಟಗಾರನಿಗೆ ಹಣ ಆಮೇಲೆ ಬಂತು. ಜಾಕ್ಸನ್‌ವಿಲ್ ವಿರುದ್ಧ ಬಾರ್ಕ್ಲಿ ಗಿರ‍್ರನೆ ತಿರುಗಿ, ಎದುರಾಳಿಗೆ ಬೆನ್ನು ಮಾಡಿಕೊಂಡೇ ಅವನ ತಲೆ ಮೇಲಿಂದ ಹಿಮ್ಮುಖವಾಗಿ ಹಾರಿದ್ದನ್ನು ನಾನು ಎಷ್ಟು ಸಲ ನೋಡಿದೆನೋ. ಅಂಥ ಜಿಗಿತ ಯಾವ ಬ್ಯಾಲೆನ್ಸ್ ಶೀಟಿಗೂ ಹಿಡಿಸುವುದಿಲ್ಲ.

ನನಗೆ ನಿಜವಾಗಿ ನೋವಾಗುವುದು ಇನ್ನೊಂದು ವಿಷಯಕ್ಕೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದಿಂದೀಚೆಗೆ ಹೊಸಬನ ಸಂಬಳ ನಾಲ್ಕು ವರ್ಷಕ್ಕೆ ಕಟ್ಟಿಬಿದ್ದಿದೆ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಐದನೇ ವರ್ಷವೂ ತಂಡದ ಇಷ್ಟ. ಅದಾದ ಮೇಲೂ ಫ್ರಾಂಚೈಸ್ ಟ್ಯಾಗ್ ಹಾಕಿ, ಅಂದರೆ ನಿಗದಿಯಾದ ಸಂಬಳಕ್ಕೆ ಇನ್ನೊಂದು ವರ್ಷ ಹಿಡಿದಿಡಬಹುದು, ಬಾರ್ಕ್ಲಿಗೆ ಆದದ್ದು ಅದೇ. ಹುಡುಗನ ಹರೆಯವನ್ನೆಲ್ಲ ಅಗ್ಗಕ್ಕೆ ದುಡಿಸಿಕೊಂಡು, ಅವನು ಬೆಲೆ ಕೇಳುವ ಹೊತ್ತಿಗೆ 'ನಿನಗೆ ವಯಸ್ಸಾಯಿತು' ಎನ್ನುವುದು ಯಾವ ನ್ಯಾಯ? ರನ್ನಿಂಗ್ ಬ್ಯಾಕ್‌ಗಳನ್ನು ಮೂರನೇ ವರ್ಷಕ್ಕೇ ಮಾರುಕಟ್ಟೆಗೆ ಬಿಡಬೇಕು.

2025ರ ಫೆಬ್ರವರಿಯಲ್ಲಿ ಈಗಲ್ಸ್ 40-22ರಿಂದ ಸೂಪರ್ ಬೌಲ್ ಗೆದ್ದಿತು. ಮುಂದಿನ ತಿಂಗಳೇ ಬಾರ್ಕ್ಲಿಗೆ ಇನ್ನೆರಡು ವರ್ಷಕ್ಕೆ 4.12 ಕೋಟಿ ಡಾಲರ್ ಸೇರಿಸಿತು. ಅಕ್ಕನ ಮಗನಿಗೆ ಈ ಸಲ ನಾನೇ ಫೋನ್ ಮಾಡಿದೆ. ಮೊದಲ ಒಪ್ಪಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ ಎಂದೆ. ಎರಡನೆಯದಕ್ಕೆ ಮಾತ್ರ, ಒಂದೇ ಋತುವಿನಲ್ಲಿ ನಾನೂರಕ್ಕೂ ಹೆಚ್ಚು ಸಲ ಚೆಂಡು ಹೊತ್ತ ಆ ಕಾಲುಗಳನ್ನು ನೋಡಿ, ನನ್ನ ಪೆನ್ನು ಮೇಲೇಳುತ್ತಿರಲಿಲ್ಲ.