ಉಕ್ರೇನಿನ ಕವಿತೆಗೆ ಬೈಬಲ್ ಬಂದ ದಾರಿ

ಉಕ್ರೇನಿನ ಈಗಿನ ಕವಿತೆಗಳನ್ನು ಅನುವಾದದಲ್ಲಿ ಓದುವವರಿಗೆ ಬೈಬಲಿನ ಕೀರ್ತನೆ, ಯೇಸುವಿನ ತಾಯಿ ಮರಿಯಳು, ಯೆಹೂದ್ಯರ ಬಾಬೆಲಿನ ಸೆರೆ ಮತ್ತೆ ಮತ್ತೆ ಎದುರಾಗುತ್ತವೆ. ಕವಿ ಸೆರ್ಹಿಯ್ ಝದಾನ್ ಅವರ 2015ರ ಸಂಕಲನದ ಹೆಸರು ‘ಮರಿಯಳ ಬದುಕು’, 2021ರದ್ದು ‘ವಿಮಾನಯಾನದ ಕೀರ್ತನೆ’. ಯುದ್ಧ ಬಂದಾಗ ದೇವರು ನೆನಪಾಗುತ್ತಾನೆ ಎಂದು ಹೇಳಿ ಮುಗಿಸುವವರಿದ್ದಾರೆ. ಅಷ್ಟು ಸಾಲದು. ಅಲ್ಲಿ ಬೈಬಲಿನ ಮಾತು ಹಾಗೂ ಭಾಷೆಯ ಹಕ್ಕು ಒಟ್ಟೊಟ್ಟಿಗೇ ಬೆಳೆದವು.

ಚರ್ಚಿನ ಭಾಷೆ ಸ್ಲಾವೋನಿಕ್ ಆಗಿದ್ದ ಕಾಲದಲ್ಲಿ, 1845ರಲ್ಲಿ, ಕವಿ ತಾರಾಸ್ ಶೆವ್ಚೆಂಕೊ 10 ಕೀರ್ತನೆಗಳನ್ನು ಉಕ್ರೇನಿಯನ್ ಪದ್ಯವಾಗಿಸಿದರು. ಇವನ್ನು ಕನ್ನಡ ಬೈಬಲಿನೊಂದಿಗೆ ಇಟ್ಟು ನೋಡುವಾಗ ಎಡವುವುದು ಅಂಕಿಯಲ್ಲಿ. ಸ್ಲಾವೋನಿಕ್ ಬೈಬಲ್ ಗ್ರೀಕ್ ಎಣಿಕೆಯನ್ನು ಅನುಸರಿಸುತ್ತದೆ. ನಮ್ಮದು ಹೀಬ್ರೂ ಎಣಿಕೆ. ಬಾಬೆಲಿನ ನದಿಗಳ ಬಳಿ ಅಳುವ ಕೀರ್ತನೆ ಶೆವ್ಚೆಂಕೊ ಅವರಲ್ಲಿ 136, ನಮ್ಮಲ್ಲಿ 137. ಅವರ 12, 43, 52, 53, 81, 93, 132, 136 ಈ ಎಂಟಕ್ಕೂ ಒಂದು ಕೂಡಿಸಬೇಕು. 1 ಮತ್ತು 149 ಮಾತ್ರ ಇದ್ದ ಹಾಗೇ ಸಿಗುತ್ತವೆ.

ರಷ್ಯನ್ ಸಾಮ್ರಾಜ್ಯದ 1863ರ ಸುತ್ತೋಲೆಯೊಂದು ಉಕ್ರೇನಿಯನ್‌ನಲ್ಲಿ ಧಾರ್ಮಿಕ ಪುಸ್ತಕಗಳ ಮುದ್ರಣವನ್ನು ತಡೆಯಿತು. ಆ ಹೊತ್ತಿಗೆ ಸಿದ್ಧವಾಗಿದ್ದ ಮೊರಾಚೆವ್ಸ್ಕಿ ಅವರ ಸುವಾರ್ತೆಗಳ ಅನುವಾದ ಅಚ್ಚಾಗತೊಡಗಿದ್ದು 1906ರಲ್ಲಿ. ಪಾಂತೆಲೆಯ್ಮೊನ್ ಕುಲಿಶ್ ಅವರ ಬೈಬಲ್ ಹಸ್ತಪ್ರತಿ 1885ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅವರು ಮತ್ತೆ ಮೊದಲಿನಿಂದ ಕೂತು ಬರೆದರು, ಮುಗಿಸುವ ಮೊದಲೇ 1897ರಲ್ಲಿ ತೀರಿಕೊಂಡರು. ಕಾದಂಬರಿಕಾರ ನೆಚುಯ್-ಲೆವಿತ್ಸ್ಕಿ, ಭೌತವಿಜ್ಞಾನಿ ಇವಾನ್ ಪುಲುಯ್ ಸೇರಿ ಪೂರೈಸಿದ ಆ ಬೈಬಲ್ 1903ರಲ್ಲಿ ವಿಯೆನ್ನಾದಲ್ಲಿ ಹೊರಬಂತು. ಎರಡು ವರ್ಷದ ನಂತರ ಇವಾನ್ ಫ್ರಾಂಕೊ ಅವರ ‘ಮೋಶೆ’ ನೀಳ್ಗವಿತೆ ಬಂತು. ಸೋವಿಯತ್ ದಶಕಗಳಲ್ಲಿ ಬೈಬಲ್ ದೇಶದ ಹೊರಗೇ ಉಳಿಯಿತು: ಓಹಿಯೆಂಕೊ ಅನುವಾದ 1962ರಲ್ಲಿ ಲಂಡನ್ನಿನಿಂದ, ಖೊಮೆಂಕೊ ಅನುವಾದ 1963ರಲ್ಲಿ ರೋಮ್‌ನಿಂದ.

ಮನೆಯಲ್ಲಿ ಬೈಬಲ್ ಇಲ್ಲದವರ ಬಾಯಿಗೂ ಅದರ ಒಂದು ವಚನ ಬಂದದ್ದು ಚೊರ್ನೊಬಿಲ್ (ನಾವು ಚೆರ್ನೋಬಿಲ್ ಎನ್ನುವ ಊರು) ಅಣುಸ್ಥಾವರ ಸ್ಫೋಟಗೊಂಡ 1986ರ ಏಪ್ರಿಲ್ 26ರ ನಂತರ. ಪ್ರಕಟನೆಯ 8ನೇ ಅಧ್ಯಾಯದಲ್ಲಿ ಆಕಾಶದಿಂದ ಒಂದು ನಕ್ಷತ್ರ ಬೀಳುತ್ತದೆ, ನೀರಿನ ಮೂರನೆಯ ಒಂದು ಭಾಗ ಕಹಿಯಾಗುತ್ತದೆ. ಆ ನಕ್ಷತ್ರಕ್ಕೆ ಒಂದು ಕಹಿ ಗಿಡದ ಹೆಸರಿದೆ: ಕನ್ನಡ ಬೈಬಲಿನಲ್ಲಿ ಮಾಚಿಪತ್ರೆ, ಉಕ್ರೇನಿಯನ್‌ನಲ್ಲಿ ಪೊಲಿನ್. ಚೊರ್ನೊಬಿಲ್ ಎಂಬುದೂ ಒಂದು ಗಿಡದ ಹೆಸರೇ. ಭವಿಷ್ಯ ನಿಜವಾಯಿತು ಎಂಬ ಮಾತು ಹಬ್ಬಿದ್ದು ಹೀಗೆ. ಆದರೆ ಗಿಡ ಎರಡು. ಪೊಲಿನ್ ಎಂದರೆ ಆರ್ಟಿಮೀಸಿಯಾ ಅಬ್ಸಿಂಥಿಯಂ, ಚೊರ್ನೊಬಿಲ್ ಎಂದರೆ ಆರ್ಟಿಮೀಸಿಯಾ ವಲ್ಗ್ಯಾರಿಸ್. ನಮ್ಮ ದವನವೂ ಅದೇ ಕುಲದ್ದು. ಊರಿನ ಹೆಸರಂತೂ 1193ರಷ್ಟು ಹಿಂದೆಯೇ ದಾಖಲಾಗಿದೆ.

ಒಳ್ಳೆಯ ಬರಹಗಾರರು ಈ ಕಾಕತಾಳೀಯಕ್ಕೆ ಜೋತುಬೀಳಲಿಲ್ಲ. ವೊಲೊದಿಮಿರ್ ಯಾವೊರಿವ್ಸ್ಕಿ ಕಾದಂಬರಿಯ ಶೀರ್ಷಿಕೆಯಲ್ಲಿ ಮರಿಯಾಳ ಜೊತೆ ಪೊಲಿನ್ ಇದೆ, ಊರಿನ ಹೆಸರಿಲ್ಲ. ಇವಾನ್ ದ್ರಾಚ್ ಅವರ 1988ರ ‘ಚೊರ್ನೊಬಿಲ್ ಮಡೋನಾ’ ನೀಳ್ಗವಿತೆಯಲ್ಲಿ ಸೆಲೊಫೇನ್ ಹೊದ್ದ ಮುದುಕಿ ಇದ್ದಾಳೆ, ಅವಳ ಹಸುವಿಗೂ ಸೆಲೊಫೇನ್ ಸುತ್ತಿದೆ. ಚಿತ್ರಪಟಗಳ ಮಡೋನಾಳ, ಅಂದರೆ ಮರಿಯಳ, ತೋಳಲ್ಲಿ ಕೂಸಿರುತ್ತದೆ. ಇಲ್ಲಿ ಆ ಜಾಗಕ್ಕೆ ಹಸು ಬಂದಿದೆ. ಆ ಇಡೀ ಘಟ್ಟದಲ್ಲಿ ಇದಕ್ಕಿಂತ ಗಟ್ಟಿಯಾದ ಚಿತ್ರ ಇನ್ನೊಂದಿಲ್ಲ. ವಚನ ಉದ್ಧರಿಸದೆಯೇ ಬೈಬಲನ್ನು ಕವಿತೆಯೊಳಗೆ ತಂದ ಬಗೆ ಅದು.

ಅದೇ 1988ರಲ್ಲಿ ಕೀವ್ ರುಸ್ ಎಂಬ ಹಳೆಯ ರಾಜ್ಯ ಕ್ರೈಸ್ತವಾಗಿ ಸಾವಿರ ವರ್ಷ ತುಂಬಿತು, ಚರ್ಚುಗಳ ಮೇಲಿನ ಬಿಗಿ ಸಡಿಲಾಯಿತು. ಲಂಡನ್, ರೋಮ್ ಅನುವಾದಗಳು ಊರು ಸೇರಿದವು. ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರುವಾಗ ಕಳೆದುಹೋಗುವುದು ಬೈಬಲ್ ಮಾತಿನ ಈ ಪದರವೇ. ಪೊಲಿನ್, ಚೊರ್ನೊಬಿಲ್ ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ಪದಕ್ಕೆ ಇಳಿಸಿಬಿಡುವುದುಂಟು. ಹಾಗಾಗಿ ಮೊದಲು ಓಹಿಯೆಂಕೊ, ಖೊಮೆಂಕೊ ಇಬ್ಬರ ಪಠ್ಯದಲ್ಲೂ ವಚನ ಹುಡುಕಿ, ಕವಿಯ ಪದ ಯಾರದಕ್ಕೆ ಹತ್ತಿರ ಎಂದು ನೋಡಬೇಕು. ಮೂಲದಲ್ಲಿರುವುದು ಬೈಬಲಿನ ಪೊಲಿನ್ ಆದರೆ ಕನ್ನಡದಲ್ಲಿ ಮಾಚಿಪತ್ರೆ ಎಂದೇ ಬರೆಯಬೇಕು. ಊರಾದರೆ ಊರಿನ ಹೆಸರನ್ನು ಹಾಗೇ ಬಿಡಬೇಕು.